ಹದಿನೇಳರ ಮಗ್ಗಿ, ಕೊಂಗ್ಮಾರು ಲಾ

ಬುಕಿಂಗ್ ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು. ನಿಮ್ಮ ರೈಡಿಂಗ್ ಮಟ್ಟ ಯಾವುದು? ಬಿಗಿನರ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್. ನಾನು ಅಡ್ವಾನ್ಸ್ಡ್ ಮೇಲೆ ಟಿಕ್ ಹಾಕಿದೆ. ಹಾಕುವಾಗ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ. ಹನ್ನೊಂದು ವರ್ಷದಿಂದ ಮೌಂಟನ್ ಬೈಕ್ ಓಡಿಸುತ್ತಿದ್ದೇನೆ. ದೇವರಾಯನದುರ್ಗದ ಸುತ್ತಮುತ್ತ ಕಲ್ಲಿನ ಮೇಲೆ ಮೊಣಕೈ, ಮೊಣಕಾಲು ಎರಡನ್ನೂ ತೇಯ್ದಿದ್ದೇನೆ. ಬೆಂಗಳೂರಿನ ತುರಹಳ್ಳಿ, ದೇವನಹಳ್ಳಿ ಕಡೆಯ ಅವತಿ ಬೆಟ್ಟ, ಇವೆಲ್ಲ ಭಾನುವಾರದ ಮಾತಾಯಿತು. ತುಮಕೂರಿನಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವ 44 ವರ್ಷದ ಹೆಂಗಸು ಇದನ್ನೆಲ್ಲ ಮಾಡುತ್ತಾಳೆ ಅಂದರೆ ಅಡ್ವಾನ್ಸ್ಡ್ ಅಲ್ಲದೆ ಇನ್ನೇನು, ಅಲ್ವಾ?

ಮರುದಿನ ಸಂಜೆ ಲೇಹ್‌ನಿಂದ ಗೈಡ್ ಫೋನ್ ಮಾಡಿದರು. ಹಿಂದಿಯಲ್ಲಿ, ಒಂದೊಂದೇ ಮಾತು ತೂಗಿ ಆಡುವ ಮನುಷ್ಯ. 'ಮೇಡಂ, 4,000 ಮೀಟರ್ ಮೇಲೆ ಎಷ್ಟು ರಾತ್ರಿ ಮಲಗಿದ್ದೀರಿ?' ಒಂದೂ ಇಲ್ಲ ಅಂದೆ. 'ಸೈಕಲನ್ನು ಬೆನ್ನ ಮೇಲೆ ಹೊತ್ತು ಒಂದೇ ಸಮ ಎಷ್ಟು ಹೊತ್ತು ನಡೀತೀರಿ?' ಅಬ್ಬಬ್ಬಾ ಅಂದರೆ ಹತ್ತು ನಿಮಿಷ. 'ಬ್ರೇಕ್ ಪ್ಯಾಡ್ ನೀವೇ ಬದಲಾಯಿಸ್ತೀರಾ? ಚೈನ್ ತುಂಡಾದರೆ?' ಅದು ಬರುತ್ತೆ. 'ಓಡಿಸಬಹುದಾದ ಜಾಗದಲ್ಲಿ ಇಳಿದು ನಡೀರಿ ಅಂದ್ರೆ ನಡೀತೀರಾ?' ಇದಕ್ಕೆ ನಾನು ನಕ್ಕೆ. ಅವರು ನಗಲಿಲ್ಲ. ಉತ್ತರಕ್ಕೆ ಕಾದರು. ನಡೀತೀನಿ ಅಂದೆ.

ನಾನು ಎಷ್ಟು ಎತ್ತರದಿಂದ ಜಿಗಿಯುತ್ತೇನೆ ಅಂತ ಮಾತ್ರ ಆ ಮನುಷ್ಯ ಒಂದು ಸಲವೂ ಕೇಳಲಿಲ್ಲ.

ಲಡಾಖ್ ನನಗೆ ಹೊಸದೇನಲ್ಲ. ನಾಲ್ಕು ವರ್ಷದ ಹಿಂದೆ ಬೇರೊಂದು ಕಂಪನಿ ಜೊತೆ ಹೋಗಿದ್ದೆ. ಹೆಸರು ಬೇಡ. ವಿಮಾನದಿಂದ ಇಳಿದ ಮೂರನೇ ಬೆಳಿಗ್ಗೆ ನಮ್ಮನ್ನೂ ಸೈಕಲ್‌ಗಳನ್ನೂ ಟೆಂಪೋದಲ್ಲಿ ತುಂಬಿಕೊಂಡು ಖರ್ದುಂಗ್ ಲಾ ಮೇಲೆ ಇಳಿಸಿದರು. ಲೇಹ್ ಇರುವುದು 3,500 ಮೀಟರ್‌ನಲ್ಲಿ. ಆ ಪಾಸ್ 5,359. ಅಲ್ಲಿನ ಬೋರ್ಡು 18,380 ಅಡಿ ಅಂತ ಬರೆದುಕೊಂಡು ಎಷ್ಟೋ ವರ್ಷ ಮೆರೆಯಿತು. ಜಿಪಿಎಸ್‌ನಲ್ಲಿ ಅಳೆದರೆ 17,600 ಅಡಿಯೂ ಇಲ್ಲ. ಎಂಟುನೂರು ಅಡಿ ಸುಳ್ಳು. ಆದರೆ ಹದಿನೇಳೂವರೆ ಸಾವಿರ ಅಡಿ ಏನು ಕಡಿಮೆಯೇ? ನಮ್ಮಲ್ಲಿ ಒಬ್ಬರು ಬೋರ್ಡಿನ ಪಕ್ಕ ಫೋಟೋ ತೆಗೆಸಿಕೊಂಡು, ಪಕ್ಕಕ್ಕೆ ತಿರುಗಿ ವಾಂತಿ ಮಾಡಿದರು. 'ಕೆಳಗೆ ಇಳಿದರೆ ಸರಿಹೋಗುತ್ತೆ, ಸೈಕಲ್ ಹತ್ತಿ' ಅಂದರು ಕಂಪನಿಯವರು. 40 ಕಿಲೋಮೀಟರ್ ಇಳಿಜಾರು. ಆ ಮನುಷ್ಯ ಹಾವು ಹರಿದ ಹಾಗೆ ಓಡಿಸಿಕೊಂಡು ಹೋಗಿ ರಸ್ತೆ ಬದಿಯ ಕಲ್ಲಿಗೆ ಗುದ್ದಿದರು. ಕಾಲರ್ ಬೋನ್ ಮುರಿಯಿತು. ಈ ಕಡೆಗೆ ಬಿದ್ದದ್ದಕ್ಕೆ ಅಷ್ಟೇ ಆಯಿತು. ಆ ಕಡೆ ಪ್ರಪಾತ. ಆ ಕಂಪನಿಯನ್ನು ಬೈಯುತ್ತಾ ನಾಲ್ಕು ವರ್ಷ ಕಳೆದಿದ್ದೇನೆ. ಈ ಸಲ ಆದದ್ದನ್ನು ಬರೆಯಬೇಕು ಅನ್ನಿಸಿದ್ದಕ್ಕೆ ಅದೂ ಒಂದು ಕಾರಣ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಈ ಸಲ ಆರಿಸಿಕೊಂಡದ್ದು ಮಾರ್ಖಾ ಕಣಿವೆ. ಝಂಸ್ಕಾರ್ ನದಿ ದಡದ ಚಿಲ್ಲಿಂಗ್‌ನಿಂದ ಒಳಗೆ ಹೊಕ್ಕು, ಮಾರ್ಖಾ ಹೊಳೆಯ ಜೊತೆ ಮೇಲೆ ಮೇಲೆ ಹೋಗಿ, ನಿಮಾಲಿಂಗ್ ಅನ್ನುವ ಹುಲ್ಲುಗಾವಲಲ್ಲಿ ಮಲಗಿ, ಕೊಂಗ್ಮಾರು ಲಾ ದಾಟಿ ಹೆಮಿಸ್ ಕಡೆ ಇಳಿಯುವ ದಾರಿ. ಚಾರಣಿಗರಿಗೆ ಇದು ಹಳೇ ದಾರಿ. ಸೈಕಲ್‌ನವರು ಕಡಿಮೆ. 'ಲಾ' ಅಂದರೆ ಅವರ ಭಾಷೆಯಲ್ಲಿ ಕಣಿವೆದಾರಿ, ನಾವು ಘಾಟಿಯ ನೆತ್ತಿ ಅನ್ನುವ ಹಾಗೆ. ಕೊಂಗ್ಮಾರು ಲಾ 5,200 ಮೀಟರ್‌ಗೂ ಮೇಲೆ. ಒಂದೊಂದು ನಕ್ಷೆಯಲ್ಲಿ ಒಂದೊಂದು ಅಂಕಿ.

ದಸರಾ ರಜೆಗೆ ನಾಲ್ಕು ಸಿ.ಎಲ್. ಅಂಟಿಸಿ ಸೆಪ್ಟೆಂಬರ್ ಕೊನೆಗೆ ಹೊರಟೆ. ಜುಲೈ, ಆಗಸ್ಟ್‌ನಲ್ಲಿ ಹಿಮ ಕರಗಿ ಹೊಳೆ ತುಂಬಿರುತ್ತೆ, ಸೈಕಲ್ ಹೊತ್ತು ದಾಟುವುದು ಕಷ್ಟ. ಸೆಪ್ಟೆಂಬರ್‌ನಲ್ಲಿ ನೀರು ಇಳಿದಿರುತ್ತೆ, ಚಳಿ ಜಾಸ್ತಿ. ಜೊತೆಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವ ಹಾಸನದ ಹುಡುಗ. 31 ವರ್ಷ, ನನ್ನನ್ನು ಅಕ್ಕಾ ಅನ್ನುತ್ತಾನೆ, ನನಗಿಂತ ಎರಡು ಪಟ್ಟು ಚೆನ್ನಾಗಿ ಓಡಿಸುತ್ತಾನೆ. ನಾನು ಇಳಿದು ನೋಡಿ ಯೋಚಿಸುವ ಬಂಡೆಯಿಂದ ಅವನು ಸೀಟಿ ಹೊಡೆಯುತ್ತಾ ಇಳಿಯುತ್ತಾನೆ. ಉಳಿದವರು ಪುಣೆಯ ಗಂಡಹೆಂಡತಿ ಮತ್ತು 61 ವರ್ಷದ ಒಬ್ಬ ಸ್ವಿಸ್ ಅಜ್ಜ. ನಾವೆಲ್ಲ ಹಿಂದೆ ಮುಂದೆ ಸಸ್ಪೆನ್ಷನ್ ಇರುವ ದುಬಾರಿ ಸೈಕಲ್ ತಂದಿದ್ದರೆ ಅಜ್ಜ ಹಿಂದೆ ಶಾಕ್ ಇಲ್ಲದ ಹಾರ್ಡ್‌ಟೇಲ್‌ನಲ್ಲಿ ಬಂದಿದ್ದರು. ಹನ್ನೆರಡು ದಿನದಲ್ಲಿ ಅವರು ಏದುಸಿರು ಬಿಟ್ಟದ್ದನ್ನು ನಾನು ನೋಡಲಿಲ್ಲ.

ಲೇಹ್‌ನಲ್ಲಿ ಮೊದಲ ಎರಡು ದಿನ ಏನೂ ಮಾಡಬಾರದು ಅಂತ ಗೈಡ್ ಅಪ್ಪಣೆ. ನಿಜವಾಗಿಯೂ ಏನೂ. ಸುಮ್ನೆ ಕೂತು ನೀರು ಕುಡಿಯುವುದು. ಅವರನ್ನು ಸರ್ ಅಂತ ಕರೆಯುವ ಬದಲು ನಾವು 'ಅಚೊ ಲೆ' ಅನ್ನತೊಡಗಿದ್ದು ಆಗಲೇ. ಅಚೊ ಅಂದರೆ ಅಣ್ಣ. 'ಲೆ' ಅಂದರೆ ನಮ್ಮ 'ರೀ', 'ಅವರೇ' ಇದ್ದ ಹಾಗೆ, ಗೌರವಕ್ಕೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಆದರೂ ಅಣ್ಣನೇ.

ಆ ಎರಡು ದಿನ ಸೈಕಲ್ ಜೋಡಿಸಿದೆವು. ಇಲ್ಲಿ ನನ್ನೊಳಗಿನ ಮೇಡಂ ಎದ್ದು ಕೂತಳು, ಸ್ವಲ್ಪ ಸಹಿಸಿಕೊಳ್ಳಿ. ಟೈರಿನ ಗೇಜು ತೋರಿಸುವುದು ಒಳಗಿನ ಒತ್ತಡಕ್ಕೂ ಹೊರಗಿನ ಗಾಳಿಯ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ತುಮಕೂರಿನಲ್ಲಿ ಹೊರಗಿನ ಒತ್ತಡ, ಟೈರಿಗೆ ಗಾಳಿ ಹಾಕುವಾಗಿನ ಅಳತೆಯಲ್ಲೇ ಹೇಳಿದರೆ, ಸುಮಾರು 13.3 ಪಿಎಸ್‌ಐ. ಲೇಹ್‌ನಲ್ಲಿ ಸುಮಾರು 9.5. ಕೊಂಗ್ಮಾರು ಲಾ ಮೇಲೆ ಏಳೂವರೆ ಚಿಲ್ಲರೆ. ಅಂದರೆ ಮನೆಯಲ್ಲಿ 24ಕ್ಕೆ ಗಾಳಿ ಹಾಕಿದ ಟೈರು, ಮುಟ್ಟದೆ ಹಾಗೇ ಒಯ್ದರೆ, ಪಾಸ್ ಮೇಲೆ 30ರ ಹತ್ತಿರ ತೋರಿಸಬೇಕು. ಚಳಿ ಅದರಲ್ಲಿ ಮೂರು ಪಿಎಸ್‌ಐ ತಿಂದುಹಾಕುತ್ತೆ, ಆ ಮಾತು ಬೇರೆ. ಮೇಲೆ ಹೋದ ಹಾಗೆ ಚಿಪ್ಸ್ ಪ್ಯಾಕೆಟ್ಟು ಊದಿಕೊಳ್ಳುವುದೂ ಇದಕ್ಕೇ. ಸಡಿಲ ಜಲ್ಲಿ ಮೇಲೆ ಗಟ್ಟಿ ಟೈರು ಅಂದರೆ ಗೋಲಿ ಮೇಲೆ ಗೋಲಿ ಇಟ್ಟ ಹಾಗೆ. ಮುಂದಿನ ಫೋರ್ಕಿನ ಕೆಳಗಿನ ಕೊಳವೆಯಲ್ಲೂ ನಮ್ಮೂರ ಗಾಳಿ ಸಿಕ್ಕಿಕೊಂಡಿರುತ್ತೆ. ಮೆಕ್ಯಾನಿಕ್ ಹುಡುಗ ಒಂದು ಪ್ಲಾಸ್ಟಿಕ್ ಟೈ ತೆಗೆದು ಸೀಲಿನ ಸಂದಿಯಲ್ಲಿ ಮೆಲ್ಲಗೆ ತೂರಿಸಿದ. ಪುಸ್ ಅಂತು. ತುಮಕೂರಿನ ಗಾಳಿ ಲೇಹ್‌ನ ಅಂಗಳಕ್ಕೆ ಹೋಯಿತು.

ಬ್ರೇಕ್ ಲಿವರ್ ಹಿಂಡಿ ನೋಡಿ ಅವನು ತಲೆಯಾಡಿಸಿದ. ಆಯಿಲ್‌ನಲ್ಲಿ ಒಂದು ಸಣ್ಣ ಗುಳ್ಳೆ ಇದ್ದರೂ ಮೇಲೆ ಅದು ಉಬ್ಬುತ್ತೆ, ಲಿವರ್ ಸ್ಪಂಜಿನ ಹಾಗಾಗುತ್ತೆ. ಎರಡೂ ಬ್ರೇಕ್ ಬ್ಲೀಡ್ ಮಾಡಿ, ಅಂದರೆ ಗುಳ್ಳೆಗಳನ್ನೆಲ್ಲ ಹೊರಗೆ ತೆಗೆದು, ಮೆಟಲ್ ಪ್ಯಾಡ್ ಹಾಕಿದ. ಯಾಕೆ ಮೆಟಲ್ ಅಂತ ಪುಣೆಯವರು ಕೇಳಿದರು. ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ನಾನು, ಸೈಕಲ್ಲು, ಬೆನ್ನಚೀಲ ಸೇರಿ 84 ಕಿಲೋ. ಪಾಸ್‌ನಿಂದ ಮೊದಲ ಹಳ್ಳಿಗೆ 1,200 ಮೀಟರ್ ಇಳಿಕೆ. ಹತ್ತಿರ ಹತ್ತಿರ ಹತ್ತು ಲಕ್ಷ ಜೌಲ್. ಮೂರು ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ. ಅದರಲ್ಲಿ ಬಹುಪಾಲು ಗೇಣಗಲದ ಎರಡು ಬ್ರೇಕ್ ತಟ್ಟೆಗಳ ಮೇಲೆ. ಅಜ್ಜ ಆ ಕಾಗದ ಇಸಕೊಂಡು ಜೇಬಿಗೆ ಇಟ್ಟುಕೊಂಡರು.

ಆಮೇಲೆ ಮೈ ಹೊಂದಿಸಿಕೊಳ್ಳಲು ಒಂದು ದಿನ ಸಿಂಧೂ ದಡದಲ್ಲಿ ಶೇ, ಥಿಕ್ಸೆ ತನಕ. ಇನ್ನೆರಡು ದಿನ ಶಾಮ್ ಕಡೆ: ಲಿಕಿರ್, ಯಂಗ್‌ಥಂಗ್, ಹೆಮಿಸ್ ಶುಕ್ಪಾಚನ್, ತೆಮಿಸ್‌ಗಾಂ. ಎಲ್ಲ ಪಾಸ್‌ಗಳೂ 4,000ಕ್ಕಿಂತ ಕೆಳಗೆ. ಚಾರಣಿಗರು ಇದನ್ನು ಮಕ್ಕಳ ಚಾರಣ ಅನ್ನುತ್ತಾರೆ. ನಮ್ಮ ಶ್ವಾಸಕೋಶಕ್ಕೆ ಹಾಗನ್ನಿಸಲಿಲ್ಲ.

ಅಲ್ಲೇ ನನಗೆ ಒಂದು ವಿಷಯ ಗೊತ್ತಾಯಿತು. ಹತ್ತುವಾಗ ಸುಸ್ತಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಇಳಿಯುವಾಗ ಆಗುವುದನ್ನು ಯಾರೂ ಹೇಳಿರಲಿಲ್ಲ. ಕಷ್ಟದ ಜಾಗ ಬಂದಾಗ ನಾವು ಗೊತ್ತಿಲ್ಲದೆ ಉಸಿರು ಬಿಗಿಹಿಡಿಯುತ್ತೇವೆ. ಸೂಜಿಗೆ ದಾರ ಪೋಣಿಸುವಾಗ ಹಿಡಿಯುವುದಿಲ್ಲವೇ, ಹಾಗೆ. ತುರಹಳ್ಳಿಯಲ್ಲಿ ಹದಿನೈದು ಸೆಕೆಂಡು ಉಸಿರು ಹಿಡಿದರೆ ಏನೂ ಆಗಲ್ಲ. ಇಲ್ಲಿ ಹಿಡಿದರೆ ಬಂಡೆ ದಾಟಿದ ಮೇಲೆ ಎದೆ ತಿದಿಯ ಹಾಗೆ ಬಡಿದುಕೊಳ್ಳುತ್ತೆ, ಕಣ್ಣಂಚು ಕಪ್ಪಾಗುತ್ತೆ. ಅಷ್ಟರಲ್ಲಿ ಮುಂದಿನ ತಿರುವು. ಮೊದಲ ದಿನ ಒಂದು ಹೇರ್‌ಪಿನ್‌ನಲ್ಲಿ ಹೀಗಾಗಿ ನಿಂತಲ್ಲೇ ಪಕ್ಕಕ್ಕೆ ಬಿದ್ದೆ.

ಅಚೊ ಲೆ ಬಂದು ಎಬ್ಬಿಸಿದರು. 'ಮಾತಾಡ್ತಾ ಇಳೀರಿ' ಅಂದರು. 'ಏನಾದರೂ ಜೋರಾಗಿ ಹೇಳ್ತಾ ಇರಿ. ಮಾತಾಡೋರು ಉಸಿರಾಡಲೇಬೇಕು.' ಅವರು ಇಳಿಯುವಾಗ ಹಾಡುತ್ತಾರೆ. ಅಜ್ಜ ಸ್ವಿಸ್ ಜರ್ಮನ್‌ನಲ್ಲಿ ಯಾರನ್ನೋ ಬೈಯುತ್ತಿದ್ದರು. ನನಗೆ ಬಾಯಿಗೆ ಬಂದದ್ದು ಹದಿನೇಳರ ಮಗ್ಗಿ. ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು. ಚಿಕ್ಕಂದಿನಲ್ಲಿ ಅಪ್ಪ ಸಂಜೆ ದೀಪ ಹಚ್ಚಿದ ಮೇಲೆ ಹೇಳಿಸುತ್ತಿದ್ದರು. ಅದೇ ಯಾಕೆ ಬಂತೋ. ಹದಿನೇಳರದ್ದು ಎಂಟಕ್ಕೆ ಬಂದಾಗ ನನಗೆ ಯಾವತ್ತೂ ಸ್ವಲ್ಪ ತಡವರಿಕೆ. ಅಚೊ ಲೆಗೆ ಕನ್ನಡದ ಗಂಧ ಇಲ್ಲ. ಆದರೆ ಎರಡೇ ದಿನದಲ್ಲಿ ನಾನು ತಡವರಿಸುವ ಜಾಗ ಯಾವುದು ಅಂತ ಹಿಡಿದುಬಿಟ್ಟರು. ಬೇರೆ ಜಾಗದಲ್ಲಿ ನಿಂತರೆ ಹಿಂದೆ ತಿರುಗಿ ನೋಡುತ್ತಿದ್ದರು.

ಇನ್ನೊಂದು ಕಟ್ಟುನಿಟ್ಟು: ಸ್ಕಿಡ್ ಮಾಡುವ ಹಾಗಿಲ್ಲ. ಹಿಂದಿನ ಚಕ್ರ ಲಾಕ್ ಮಾಡಿ ಎಳೆದರೆ ದಾರಿಯಲ್ಲಿ ಗೀರು ಬೀಳುತ್ತೆ, ಮಳೆಗೆ ಅದೇ ಕಾಲುವೆ ಆಗುತ್ತೆ. ಈ ದಾರಿ ಕುದುರೆಗಳದ್ದು, ಹಳ್ಳಿಯವರದ್ದು. ಕುದುರೆ ಬಂದರೆ ಸೈಕಲ್‌ನವರು ಬೆಟ್ಟದ ಬದಿಗೆ ಸರಿದು ನಿಲ್ಲಬೇಕು. ಮಣಿ ಗೋಡೆ, ಅಂದರೆ ಮಂತ್ರ ಕೆತ್ತಿದ ಕಲ್ಲುಗಳ ಗೋಡೆ, ಸಿಕ್ಕರೆ ಅದು ಬಲಗೈಗೆ ಬರುವ ಹಾಗೆ ಹೋಗಬೇಕು, ಆ ಕಡೆ ದಾರಿ ಎಷ್ಟೇ ಕೆಟ್ಟದಿರಲಿ. ನಾವು ದೇವಸ್ಥಾನಕ್ಕೆ ಪ್ರದಕ್ಷಿಣೆ ಬರುವ ದಿಕ್ಕೇ ಅದು, ನನಗೆ ಕಷ್ಟ ಆಗಲಿಲ್ಲ.

ಮಾರ್ಖಾ ಕಣಿವೆಯ ಮೊದಲ ಭಾಗ ಬೇಗ ಮುಗಿಸುತ್ತೇನೆ. ಚಿಲ್ಲಿಂಗ್ ತಾಮ್ರ ಬಡಿಯುವವರ ಊರು. ಮೊದಲೆಲ್ಲ ಇಲ್ಲಿ ಝಂಸ್ಕಾರ್ ನದಿಯನ್ನು ತಂತಿಗೆ ನೇತಾಡುವ ತೊಟ್ಟಿಲಲ್ಲಿ ಕೂತು ದಾಟುತ್ತಿದ್ದರಂತೆ. ಈಗ ಸೇತುವೆ ಇದೆ. ಸೇತುವೆ ಬಂದ ಮೇಲೆ ಜೀಪ್ ರಸ್ತೆಯೂ ಒಳಗೆ ಬಂದಿದೆ. ಹೊಳೆ ಪಕ್ಕದ ಹಳೇ ಕಾಲುದಾರಿ ಎಷ್ಟೋ ಕಡೆ ರಸ್ತೆಯ ಅಡಿಗೆ ಹೋಗಿದೆ. ಹಾಸನದ ಹುಡುಗ ಇದಕ್ಕೆ ಬೇಜಾರು ಮಾಡಿಕೊಂಡ. ನಾನೂ ಮಾಡಿಕೊಂಡೆ. ರಾತ್ರಿ ಮಾರ್ಖಾ ಊರಿನ ಹೋಮ್‌ಸ್ಟೇನಲ್ಲಿ ಆ ಮನೆಯ ಅಮಾ ಲೆ ಹತ್ತಿರ ಈ ಮಾತು ತೆಗೆದಾಗ ಅವರು ನಕ್ಕು ಅಚೊ ಲೆಗೆ ಏನೋ ಹೇಳಿದರು. 'ನನ್ನ ಸೊಸೆಗೆ ಹೆರಿಗೆ ನೋವು ಬಂದಾಗ ಈ ರಸ್ತೆ ಇದ್ದಿದ್ದರೆ ಚೆನ್ನಾಗಿತ್ತು ಅಂತಿದ್ದಾರೆ' ಅಂದರು ಅಚೊ ಲೆ. ನಾವಿಬ್ಬರೂ ತಟ್ಟೆ ನೋಡಿಕೊಂಡು ಕೂತೆವು.

(ಹೌದು, ತಾಯಿಗೆ ಅವರು 'ಅಮಾ' ಅನ್ನುತ್ತಾರೆ. ಮೊದಲ ಸಲ ಒಂದು ಮಗು ಹಾಗೆ ಕೂಗಿದ್ದು ಕೇಳಿ ನಾನು ಹೊರಗೆ ಓಡಿ ಬಂದಿದ್ದೆ, ಯಾರಪ್ಪಾ ಇಲ್ಲಿ ಕನ್ನಡದವರು ಅಂತ.)

ಈ ಕಣಿವೆ ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗೆ ಬರುತ್ತೆ. 1981ರಲ್ಲಿ ಆದದ್ದು. ಹಿಮಚಿರತೆಗೆ ಹೆಸರುವಾಸಿ. ಚಿರತೆ ಕೊಟ್ಟಿಗೆಗೆ ನುಗ್ಗಿ ಕುರಿ ಕೊಂದರೆ ಹಳ್ಳಿಯವರು ಅದನ್ನು ಕೊಲ್ಲುತ್ತಿದ್ದ ಕಾಲ ಇತ್ತು. 2000ದ ದಶಕದ ಆರಂಭದಲ್ಲಿ ಇಲ್ಲಿ ಹೋಮ್‌ಸ್ಟೇ ಶುರುವಾದದ್ದು ಅದಕ್ಕೂ ಒಂದು ದಾರಿ ಅಂತಲೇ. ಚಿರತೆ ಇದ್ದರೆ ಪ್ರವಾಸಿಗರು ಬರುತ್ತಾರೆ, ಮನೆ ನಡೆಸುವ ಹೆಂಗಸರ ಕೈಗೆ ದುಡ್ಡು ಬರುತ್ತೆ. ನಮಗೆ ಚಿರತೆ ಕಾಣಲಿಲ್ಲ. ನೀಲಿ ಕುರಿ ಅನ್ನುತ್ತಾರಲ್ಲ, ಭರಲ್, ಅವು ಕಂಡವು. ನಾವು ಇಳಿದು ತಳ್ಳುತ್ತಿದ್ದ ಇಳಿಜಾರಿನ ಮೇಲೆ ನಿಂತು ಮೆಲುಕು ಹಾಕುತ್ತಿದ್ದವು.

ಊಟದ ಬಗ್ಗೆ ಒಂದು ಮಾತು ಹೇಳದೆ ಹೋದರೆ ನಮ್ಮಮ್ಮ ಸಿಟ್ಟಾಗುತ್ತಾರೆ. ಅಲ್ಲಿ ಬಾರ್ಲಿಯನ್ನು ಹುರಿದು ಬೀಸಿದ ಹಿಟ್ಟಿದೆ, ಹೊರಗಿನವರು ತ್ಸಂಪಾ ಅನ್ನುತ್ತಾರೆ. ಉಪ್ಪು ಬೆಣ್ಣೆ ಹಾಕಿದ ಚಹಾದಲ್ಲಿ ಅದನ್ನು ಕಲಸಿ ಉಂಡೆ ಮಾಡಿದರೆ ಖೊಲಕ್. ಪುಣೆಯವರು ಮುಖ ಕಿವಿಚಿದರು. ನನಗೆ ಒಂದು ತುತ್ತಿಗೇ ಗೊತ್ತಾಯಿತು, ಇದು ನಮ್ಮ ಹುರಿಹಿಟ್ಟು! ರಾಗಿ ಬದಲು ಬಾರ್ಲಿ, ಬೆಲ್ಲದ ಬದಲು ಉಪ್ಪು. ನನ್ನ ಚೀಲದಲ್ಲಿದ್ದ ಚಟ್ನಿಪುಡಿ ಹಾಕಿಕೊಂಡು ತಿಂದೆ. ಅಮಾ ಲೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಡಬ್ಬಿ ಹಿಂದಕ್ಕೆ ಕೊಡಲಿಲ್ಲ.

ಕಣಿವೆಯಲ್ಲಿ ಇನ್ನೂ ಮೇಲಿರುವ ಹಳ್ಳಿ ಹಂಕರ್, ಸುಮಾರು 4,000 ಮೀಟರ್. ಅಲ್ಲಿಂದ ನಿಮಾಲಿಂಗ್‌ಗೆ ಒಂದೇ ದಿನದಲ್ಲಿ ಹೋಗಬಹುದು, ಬಹಳ ಜನ ಹೋಗುತ್ತಾರೆ. ಆದರೆ ನಿಮಾಲಿಂಗ್ ಸುಮಾರು 4,800. ಮೂರು ಸಾವಿರ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು ಅನ್ನುವುದು ವೈದ್ಯರ ಲೆಕ್ಕ. ಅಚೊ ಲೆ ಮಧ್ಯದ ಥಚುಂಗ್ತ್ಸೆಯಲ್ಲಿ ಒಂದು ರಾತ್ರಿ ನಿಲ್ಲಿಸಿದರು. ಮಧ್ಯಾಹ್ನ ಹನ್ನೆರಡಕ್ಕೇ ಡೇರೆ ಹಾಕಿ ಕೂರಿಸಿದಾಗ ಹಾಸನದ ಹುಡುಗ ಗೊಣಗಿದ. 'ಅಕ್ಕಾ, ಇದೇನ್ ತೀರ್ಥಯಾತ್ರೆನಾ?'

ಪ್ರತಿ ಸಂಜೆ ಅಚೊ ಲೆ ಒಂದು ನೋಟ್ ಪುಸ್ತಕ ತೆಗೆಯುತ್ತಿದ್ದರು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ನಾಲ್ಕೇ ಪ್ರಶ್ನೆ. ತಲೆನೋವು, ಹೊಟ್ಟೆ, ಸುಸ್ತು, ತಲೆಸುತ್ತು. ಒಂದೊಂದಕ್ಕೂ ಸೊನ್ನೆಯಿಂದ ಮೂರರ ತನಕ ಅಂಕ. ಎಲ್ಲರ ಮುಂದೆ ಕೇಳುತ್ತಿರಲಿಲ್ಲ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆಯುತ್ತಿದ್ದರು. ನಿಮಾಲಿಂಗ್ ತಲುಪಿದ ಸಂಜೆ ನನ್ನದು ತಲೆನೋವು ಒಂದು, ಸುಸ್ತು ಎರಡು. ಎತ್ತರದ ಕಾಯಿಲೆ ಬರದಿರಲು ನಾನು ಡಾಕ್ಟರನ್ನು ಕೇಳಿಯೇ ಡೈಮಾಕ್ಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದೆ, ಬೆರಳ ತುದಿ ಜುಮ್ ಅನ್ನುತ್ತಿತ್ತು. ಹುಡುಗ ಎಲ್ಲಕ್ಕೂ ಸೊನ್ನೆ ಅಂದ.

ನಿಮಾಲಿಂಗ್ ಅಂದರೆ ದೊಡ್ಡ ಬಟ್ಟಲಿನಂಥ ಹುಲ್ಲುಗಾವಲು. ತಲೆಯ ಮೇಲೆ 6,400 ಮೀಟರ್‌ನ ಕಾಂಗ್ ಯಾತ್ಸೆ. ಬೇಸಿಗೆಯಲ್ಲಿ ಹಳ್ಳಿಗಳವರು ಕುರಿ, ಯಾಕ್ ಮೇಯಿಸಲು ಬರುತ್ತಾರೆ. ನಾವು ಹೋದಾಗ ಹೆಚ್ಚಿನವರು ಇಳಿದುಹೋಗಿದ್ದರು. ಅಲ್ಲಿ ನೀರು ಸುಮಾರು 84 ಡಿಗ್ರಿಗೇ ಕುದಿಯುತ್ತೆ, ಅನ್ನಕ್ಕೆ ಕುಕ್ಕರ್ ಬೇಕೇ ಬೇಕು. ಕುಕ್ಕರ್ ಕೂಗಿದ ಸದ್ದು ಆ ಮೌನದಲ್ಲಿ ನಮ್ಮ ಮನೆಯ ಅಡುಗೆಮನೆಯನ್ನೇ ತಂದು ಇಟ್ಟಿತು.

ರಾತ್ರಿ ಎಂಟಕ್ಕೆ ಹುಡುಗ ನನ್ನ ಡೇರೆ ಹತ್ತಿರ ಬಂದ. 'ಅಕ್ಕಾ, ಡೋಲೊ ಇದ್ಯಾ? ಸ್ವಲ್ಪ ತಲೆ ಸಿಡೀತಿದೆ. ಅಚೊಗೆ ಹೇಳ್ಬೇಡಿ. ಸುಮ್ನೆ ನಾಳೆ ನಿಲ್ಲಿಸಿಬಿಡ್ತಾರೆ.' ನಾನು ಮಾತ್ರೆ ಕೊಟ್ಟೆ. ನೀರು ಕುಡಿ ಅಂದೆ. ಹೇಳಲಿಲ್ಲ.

ಇದನ್ನು ಬರೆಯಲು ಎರಡು ತಿಂಗಳು ಬೇಕಾಯಿತು ನನಗೆ. ಖರ್ದುಂಗ್ ಲಾ ಮೇಲೆ 'ಹತ್ತಿ, ಸರಿಹೋಗುತ್ತೆ' ಅಂದವರನ್ನು ನಾಲ್ಕು ವರ್ಷ ಬೈದವಳು ನಾನು. ಅವರು ದುಡ್ಡಿಗಾಗಿ ಹಾಗೆ ಮಾಡಿದರು ಅಂದುಕೊಂಡಿದ್ದೆ. ನಾನು ಯಾವುದಕ್ಕೆ ಮಾಡಿದೆ? ಹುಡುಗನಿಗೆ ಬೇಜಾರಾಗಬಾರದು ಅಂತ. ಮತ್ತೆ, ನಿಜ ಹೇಳಬೇಕೆಂದರೆ, ಅವನು ನಿಂತುಬಿಟ್ಟರೆ ಆ ಇಳಿಜಾರಿನಲ್ಲಿ ನನ್ನ ಮುಂದೆ ದಾರಿ ತೋರಿಸಲು ಯಾರಿರುತ್ತಾರೆ ಅಂತ.

ಬೆಳಗಿನ ಜಾವ ನಾಲ್ಕೂವರೆಗೆ ಸದ್ದು. ಹುಡುಗ ಡೇರೆ ಹೊರಗೆ ವಾಂತಿ ಮಾಡುತ್ತಿದ್ದ. ಅಚೊ ಲೆ ಆಗಲೇ ಅಲ್ಲಿದ್ದರು, ಹೆಡ್‌ಲೈಟ್ ಹಾಕಿಕೊಂಡು. ಹುಲ್ಲಿನ ಮೇಲೆ ಒಂದು ಹಗ್ಗ ನೇರವಾಗಿ ಹಾಸಿ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ಅದರ ಮೇಲೆ ನಡಿ ಅಂದರು. ಕೈಯಗಲದ ಹಲಗೆಯ ಮೇಲೆ ಸೈಕಲ್ ಓಡಿಸುವ ಹುಡುಗ ಮೂರನೇ ಹೆಜ್ಜೆಗೆ ಎಡಕ್ಕೆ ವಾಲಿದ. ಮತ್ತೆ ನಡೆಸಿದರು. ಮತ್ತೆ ವಾಲಿದ. 'ಚಳಿಗೆ ಹಾಗಾಯ್ತು, ಐ ಆಮ್ ಫೈನ್' ಅಂದ. ಮಾತು ತೊದಲುತ್ತಿತ್ತು.

ಆಗಲೂ ನನ್ನ ಬಾಯಿಗೆ ಬಂದದ್ದೇನು ಗೊತ್ತಾ? 'ಅಚೊ ಲೆ, ಒಂದು ಗಂಟೆ ನೋಡೋಣವಾ?'

ಅವರು ನನ್ನ ಕಡೆ ತಿರುಗಲೂ ಇಲ್ಲ. ಮಿದುಳಿನ ಬಾವು ಇಳಿಸುವ ಡೆಕ್ಸಾಮೆಥಾಸೋನ್ ಕೊಟ್ಟರು. ಕುದುರೆ ಮೇಲೆ ಬಂದಿದ್ದ ಆಕ್ಸಿಜನ್ ಸಿಲಿಂಡರ್ ತೆಗೆಸಿ ಮಾಸ್ಕ್ ಹಾಕಿದರು. ತಲೆನೋವು ಬರೀ ಎತ್ತರದ್ದಾದರೆ ಕಾಯಬಹುದು. ನಡಿಗೆ ತಪ್ಪಿತು ಅಂದರೆ ಮಿದುಳಿಗೆ ನೀರು ತುಂಬುತ್ತಿದೆ ಅಂತ ಅರ್ಥ, ಅದಕ್ಕೆ ಇರುವ ಮದ್ದು ಇಳಿಯುವುದೊಂದೇ. ಆ ಕಣಿವೆಯಲ್ಲಿ ನಮ್ಮ ಯಾರ ಫೋನೂ ನಡೆಯುತ್ತಿರಲಿಲ್ಲ. ಉಪಗ್ರಹ ಫೋನು ಅನುಮತಿ ಇಲ್ಲದೆ ಒಯ್ಯುವುದು ನಮ್ಮ ದೇಶದಲ್ಲಿ ಅಪರಾಧ. ಅಜ್ಜ ತಮ್ಮ ಸ್ಯಾಟಲೈಟ್ ಮೆಸೆಂಜರನ್ನು ಅದಕ್ಕೇ ಊರಲ್ಲೇ ಬಿಟ್ಟು ಬಂದಿದ್ದರು. ಹೆಲಿಕಾಪ್ಟರ್ ಕರೆಯೋಣ ಅಂತ ಕೂತರೆ ಆಗದು. ಐದು ಗಂಟೆಗೆ ಹುಡುಗನನ್ನು ಕಂಬಳಿ ಸುತ್ತಿ ಕುದುರೆ ಮೇಲೆ ಕೂರಿಸಿದರು. ಎರಡನೇ ಗೈಡ್ ಒಂದು ಪಕ್ಕ, ಕುದುರೆಯವರು ಒಂದು ಪಕ್ಕ. ಬಂದ ದಾರಿಯಲ್ಲೇ ವಾಪಸ್. ಅವನು ಅಳುತ್ತಿದ್ದ, ಸೈಕಲ್ ಕಡೆ ನೋಡುತ್ತಾ.

ಅವರ ದೀಪ ಮರೆಯಾದ ಮೇಲೆ ಅಚೊ ಲೆಗೆ ಹೇಳಿದೆ, ರಾತ್ರಿಯೇ ಗೊತ್ತಿತ್ತು ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. 'ನನಗೂ ಅನುಮಾನ ಇತ್ತು' ಅಂದರು. 'ಎಲ್ಲಕ್ಕೂ ಸೊನ್ನೆ ಅಂತ ಯಾರೂ ಇರಲ್ಲ ಇಲ್ಲಿ. ನನಗೇ ಒಂದಿದೆ. ಅದಕ್ಕೇ ಬಟ್ಟೆ ಬಿಚ್ಚದೆ ಮಲಗಿದ್ದೆ.' ಬೈದಿದ್ದರೆ ವಾಸಿಯಿತ್ತು.

ಏಳಕ್ಕೆ ನಾವು ಪಾಸ್ ಕಡೆ ಹೊರಟೆವು. ನಾನೂ ಹಿಂದಕ್ಕೆ ಹೋಗಲಾ ಅಂತ ಕೇಳಿದ್ದೆ. 'ನಿಮ್ಮಿಂದ ಅವನಿಗೆ ಏನೂ ಉಪಯೋಗ ಇಲ್ಲ. ದಾಟಿದರೆ ಲೇಹ್‌ಗೆ ಬೇಗ ಸೇರ್ತೀರಿ' ಅಂದರು. 400 ಮೀಟರ್ ಏರು, ಎರಡೂವರೆ ಗಂಟೆ. ಓಡಿಸುವ ಮಾತೇ ಇಲ್ಲ. ಸೈಕಲನ್ನು ಅಡ್ಡಲಾಗಿ ಹೆಗಲ ಮೇಲೆ ಹಾಕಿಕೊಂಡು ಹತ್ತು ಹೆಜ್ಜೆ, ನಿಲ್ಲು. ಹತ್ತು ಹೆಜ್ಜೆ, ನಿಲ್ಲು. ಪೆಡಲ್ ಕುತ್ತಿಗೆಗೆ ಒತ್ತುತ್ತೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಕ್ಸಿಜನ್ ಸಮುದ್ರದ ಮಟ್ಟದ ಅರ್ಧದಷ್ಟೇ. ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೆ ಇದನ್ನು. ಮೇಲೆ ಬಾವುಟಗಳ ಹತ್ತಿರ ಅಚೊ ಲೆ 'ಕಿ ಕಿ ಸೊ ಸೊ ಲ್ಹಾರ್ಗ್ಯಲೊ' ಅಂತ ಕೂಗಿದರು, ದೇವರುಗಳಿಗೆ ಜಯವಾಗಲಿ ಅಂತ. ಅಜ್ಜನೂ ಕೂಗಿದರು. ನನಗೆ ಕೂಗಲು ಗಾಳಿ ಇರಲಿಲ್ಲ. ಟೈರಿನ ಗೇಜು ನೋಡಿ, ಎರಡು ಪಿಎಸ್‌ಐ ಬಿಟ್ಟು, ಸೀಟು ಇಳಿಸಿದೆ.

ಇನ್ನು ಇಳಿಜಾರು. ಇದಕ್ಕಾಗಿಯೇ ಅಲ್ಲವೇ ನಾವೆಲ್ಲ ಬಂದದ್ದು. ಮೊದಲ ಭಾಗ ಸಡಿಲ ಚೂರುಕಲ್ಲಿನ ಮೇಲೆ ಹಾವಿನಂಥ ತಿರುವುಗಳು. 29 ಇಂಚಿನ ಚಕ್ರದ ಸೈಕಲ್ ಆ ತಿರುವಿನಲ್ಲಿ ತಾನಾಗಿ ತಿರುಗುವುದಿಲ್ಲ. ಮುಂದಿನ ಬ್ರೇಕನ್ನು ಒಂದೇ ಬೆರಳಲ್ಲಿ ಹದವಾಗಿ ಹಿಡಿದು, ಮೈ ಮುಂದೆ ತಂದು, ಹಿಂದಿನ ಚಕ್ರ ನೆಲದಿಂದ ಎತ್ತಿ ಪಕ್ಕಕ್ಕೆ ಇಡಬೇಕು. ದೇವರಾಯನದುರ್ಗದಲ್ಲಿ ಹತ್ತರಲ್ಲಿ ಎಂಟು ಸಲ ಬರುತ್ತೆ ನನಗೆ. ಇಲ್ಲಿ ಮೊದಲ ಮೂರು ತಿರುವು ಬಂತು. ನಾಲ್ಕನೆಯದರ ಮೊದಲು ಅಚೊ ಲೆ ಕೈ ಎತ್ತಿ ನಿಲ್ಲಿಸಿದರು. 'ಇಲ್ಲಿ ನಡೀರಿ.' ನೋಡಿದರೆ ಹಿಂದಿನದಕ್ಕಿಂತ ಸುಲಭದ ತಿರುವು. ಅಡ್ವಾನ್ಸ್ಡ್ ಅಂತ ಟಿಕ್ ಹಾಕಿದವಳು ಒಳಗಿಂದ ಎದ್ದು ನಿಂತಳು. ನಾನು ಇಳಿದು ನಡೆದೆ. ಪಕ್ಕಕ್ಕೆ ಇಣುಕಿದಾಗ ಗೊತ್ತಾಯಿತು, ತಿರುವಿನ ಹೊರ ಅಂಚು ಕೆಳಗಿಂದ ಕೊರೆದುಹೋಗಿ ಬರೀ ಮಣ್ಣಿನ ತಟ್ಟೆ ಹಾಗೆ ಗಾಳಿಯಲ್ಲಿ ನಿಂತಿತ್ತು. ಮೇಲಿನಿಂದ ಕಾಣುತ್ತಿರಲಿಲ್ಲ. ಅವರಿಗೆ ಹೇಗೆ ಗೊತ್ತಾಯಿತು ಅಂದರೆ, ಎರಡು ವಾರದ ಹಿಂದೆ ಬಂದಾಗ ಅದು ಇನ್ನೂ ಒಂದು ಅಡಿ ಅಗಲ ಇತ್ತಂತೆ.

ಕೆಳಗೆ ಇಳಿದ ಹಾಗೆ ದಾರಿ ಕಮರಿಯೊಳಗೆ ಹೋಗುತ್ತೆ. ಕೆಂಪು, ನೇರಳೆ, ಹಸಿರು ಬಂಡೆ. ಒಂದೇ ಹೊಳೆಯನ್ನು ಎಷ್ಟು ಸಲ ದಾಟಿದೆವೋ, ಹದಿನೈದರ ಮೇಲೆ ಎಣಿಸುವುದನ್ನು ಬಿಟ್ಟೆ. ಕೆಲವು ಕಡೆ ದಾರಿಯೇ ಕೊಚ್ಚಿಹೋಗಿದೆ, ಬಂಡೆ ಮೇಲಿಂದ ಸೈಕಲನ್ನು ಕೈಯಿಂದ ಕೈಗೆ ಇಳಿಸಬೇಕು. ಹದಿನೇಳರ ಮಗ್ಗಿ ಎಷ್ಟು ಸುತ್ತು ಹೇಳಿದೆನೋ. ಒಂದು ಉದ್ದನೆಯ ತುಂಡು ಸಿಕ್ಕಿತು, ಎರಡು ಕಿಲೋಮೀಟರ್ ಇರಬಹುದು, ನಿಲ್ಲದೆ ಹರಿಯುವ ದಾರಿ. ಆಗ ಮೊದಲ ಸಲ ಪೂರ್ತಿ ಮೈಬಿಟ್ಟು ಓಡಿಸಿದೆ. ಹದಿನೇಳೇಳ್ಲ ನೂರ ಹತ್ತೊಂಬತ್ತು, ಹದಿನೇಳೆಂಟ್ಲ... ಅಲ್ಲಿಗೆ ಬಂದು ನಿಂತೆ. ಮುಂದೆ ಹೋಗುತ್ತಿದ್ದ ಅಚೊ ಲೆ ತಿರುಗಿ ನೋಡಲಿಲ್ಲ. ಅದು ನಾನು ನಿಲ್ಲುವ ಜಾಗವೇ ಅಂತ ಅವರಿಗೆ ಗೊತ್ತಿತ್ತು.

ಪಾಸ್ ಇಳಿದು ಸಿಗುವ ಮೊದಲ ಹಳ್ಳಿ ಚೊಗ್ಡೊದಲ್ಲಿ ಬ್ರೇಕ್ ತಟ್ಟೆಗೆ ಒಂದು ಹನಿ ನೀರು ಬಿಟ್ಟೆ. ಚುಯ್ ಅಂತು. ಅಜ್ಜ ಜೇಬಿನಿಂದ ನನ್ನ ಲೆಕ್ಕದ ಕಾಗದ ತೆಗೆದು ತೋರಿಸಿ ನಕ್ಕರು.

ಶಂಗ್ ಸುಮ್ದೊದಿಂದ ಜೀಪಿನಲ್ಲಿ ಲೇಹ್‌ಗೆ ಬಂದಾಗ ರಾತ್ರಿ. ಹುಡುಗ ಮಾರನೇ ದಿನ ಮಧ್ಯಾಹ್ನ ಬಂದ. ಥಚುಂಗ್ತ್ಸೆ ತಲುಪುವಷ್ಟರಲ್ಲಿ ಮಾತು ಸರಿಯಾಗಿತ್ತಂತೆ. ಕೆಳಗಿನ ಹಳ್ಳಿಯಲ್ಲಿ ರಾತ್ರಿ ಮಲಗಿ, ಜೀಪ್ ಹಿಡಿದು ಬಂದಿದ್ದಾರೆ. ಆಸ್ಪತ್ರೆಯಲ್ಲಿ ನೋಡಿ ಎರಡು ದಿನ ಮಲಗು ಅಂದರು. ಅವನಿಗೆ ಯಾವ ಮಾತಿನಿಂದ ಶುರು ಮಾಡುವುದು ಅಂತ ನನಗೆ ತಿಳಿಯಲಿಲ್ಲ. ಮೊಮೊ ತಟ್ಟೆ ಅವನ ಕಡೆ ತಳ್ಳಿದೆ. 'ಮಾತ್ರೆ ಕೊಟ್ಟಿದ್ದು ನನ್ನ ತಪ್ಪು ಕಣೋ' ಅಂದೆ. 'ಕೇಳಿದ್ದು ನಾನಲ್ವಾ ಅಕ್ಕಾ' ಅಂದ.

ಆಮೇಲೆ ನನ್ನ ಕೈಯಿಂದ ಜಿಪಿಎಸ್ ಕಿತ್ತುಕೊಂಡು ಇಳಿಜಾರಿನ ಲೆಕ್ಕ ನೋಡಿದ. 1,500 ಮೀಟರ್ ಇಳಿಯಲು ನಾಲ್ಕು ಗಂಟೆ ಹತ್ತು ನಿಮಿಷ.

'ಇಷ್ಟೊತ್ತಾ? ನಡ್ಕೊಂಡು ಬಂದ್ರಾ?'

'ಒಂದಷ್ಟು ಕಡೆ ಹೌದು.'

ಅವನು ಆ ಗೆರೆಯನ್ನು ದೊಡ್ಡದು ಮಾಡಿ ಮಾಡಿ ಬಹಳ ಹೊತ್ತು ನೋಡಿದ. ನಾಲ್ಕನೇ ತಿರುವಿನ ಹತ್ತಿರ ಬೆರಳಿಟ್ಟು, ಇಲ್ಲಿ ಯಾಕೆ ನಿಂತಿದ್ದೀರಿ ಅಂತ ಕೇಳಿದ. ಹೇಳಿದೆ. ಹೂಂ ಅಂದ. ಮೊಮೊ ಚಟ್ನಿಗೆ ಅದ್ದುತ್ತಾ, 'ಮುಂದಿನ ವರ್ಷ ದಸರಾ ಯಾವಾಗ ಬೀಳುತ್ತೆ ಅಂತ ಕ್ಯಾಲೆಂಡರ್ ನೋಡಿ ಹೇಳಿ' ಅಂದ.